ಟೊರ್ರಿ ಪೈನ್ಸ್ ಆಸುಪಾಸಿನಲ್ಲಿ ನಿವೃತ್ತರ ಹೊಸ ಮನೆಗಳು: ಕಟ್ಟಡದ ಗಟ್ಟಿತನ ನೋಡುವುದು ಹೇಗೆ?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ಹುಟ್ಟಿದ್ದು ಯಜಮಾನರೇ ನಿಂತು ಮನೆ ಕಟ್ಟಿಸುತ್ತಿದ್ದ ಕಾಲದಲ್ಲಿ. ಮೇಸ್ತ್ರಿ ಸಿಮೆಂಟಿಗೆ ಎಷ್ಟು ಮರಳು ಬೆರೆಸಿದ, ಇಟ್ಟಿಗೆ ನೆನೆಸಿದನೋ ಇಲ್ಲವೋ ಎಂದು ಕೊಡೆ ಹಿಡಿದು ಪಕ್ಕದಲ್ಲೇ ನಿಂತು ನೋಡಬಹುದಿತ್ತು. ಇಲ್ಲಿ ನಾವು ಕೊಳ್ಳುವುದು ಬೇರೆಯವರು ಕಟ್ಟಿ, ಬಣ್ಣ ಬಳಿದು, ಹೂದಾನಿ ಇಟ್ಟು ಸಿಂಗರಿಸಿದ ಮನೆಯನ್ನು. ಒಳಗೆ ಏನಿದೆ ಎಂಬುದು ಗೋಡೆಗೇ ಗೊತ್ತು!

ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಈ ದೇಶಕ್ಕೆ ಬಂದ ನಮ್ಮ ಹಿರಿಯರಲ್ಲಿ ಅನೇಕರು ಮಕ್ಕಳು ಬೆಳೆದ ದೊಡ್ಡ ಮನೆ ಮಾರಿ, 55 ದಾಟಿದವರಿಗೆಂದೇ ಇರುವ ಸಮುಚ್ಚಯಗಳತ್ತ ನೋಡುತ್ತಿದ್ದಾರೆ. ನಲವತ್ತರಲ್ಲಿ ಮನೆ ಸೋರಿದರೆ ತಲೆನೋವು, ಅಷ್ಟೆ. ಎಪ್ಪತ್ತೈದರಲ್ಲಿ ಪಿಂಚಣಿಯ ಮೇಲೆ ಬದುಕುವಾಗ ಅದೇ ಸೋರಿಕೆ ಉಳಿತಾಯವನ್ನೇ ನುಂಗಬಹುದು, ಬಿಲ್ಡರ್ ಜೊತೆ ವರ್ಷಗಟ್ಟಲೆ ಜಗ್ಗಾಡುವ ಶಕ್ತಿಯೂ ಇರುವುದಿಲ್ಲ. ಆದ್ದರಿಂದ ಸಹಿ ಹಾಕುವ ಮೊದಲು ಏನು ನೋಡಬೇಕು, ಹಾಕಿದ ಮೇಲೆ ಕಾನೂನು ಎಷ್ಟು ದಿನ ನಮ್ಮ ಜೊತೆಗಿರುತ್ತದೆ ಎಂಬುದನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಟೊರ್ರಿ ಪೈನ್ಸ್‌ನಲ್ಲಿ ಖಾಲಿ ಜಾಗ ಬಹಳ ಕಡಿಮೆ. ಅಪರೂಪದ ಆ ಪೈನ್ ಮರಗಳ ರಕ್ಷಿತ ಪ್ರದೇಶ, ಗಾಲ್ಫ್ ಮೈದಾನ, ವಿಶ್ವವಿದ್ಯಾಲಯ, ಪ್ರಯೋಗಾಲಯಗಳು ಎಲ್ಲವನ್ನೂ ಹಿಡಿದಿವೆ. ಹೀಗಾಗಿ ಮನೆ ಹುಡುಕುವವರು ಲಾ ಹೋಯಾ, ಕಾರ್ಮೆಲ್ ವ್ಯಾಲಿ, ಕಾರ್ಲ್ಸ್‌ಬ್ಯಾಡ್, ರ‍್ಯಾಂಚೋ ಬರ್ನಾರ್ಡೊ, ಇಲ್ಲವೇ ಇನ್ನೂ ಉತ್ತರಕ್ಕೆ ಆರೆಂಜ್ ಕೌಂಟಿಯವರೆಗೂ ಹೋಗುತ್ತಾರೆ. ನೆಲ, ಗಾಳಿ, ನಿಯಮಗಳು ಹೆಚ್ಚುಕಡಿಮೆ ಒಂದೇ.

ಮಾದರಿ ಮನೆ ನೋಡಿ ಮರುಳಾಗಬೇಡಿ

ಮಾದರಿ ಮನೆಯನ್ನು ಬಿಲ್ಡರ್ ಅತ್ಯಂತ ಮುತುವರ್ಜಿಯಿಂದ ಕಟ್ಟಿಸಿರುತ್ತಾನೆ. ಅದರ ಗ್ರಾನೈಟ್ ಕಲ್ಲು, ಅಲಂಕಾರದ ದೀಪಗಳಲ್ಲಿ ಎಷ್ಟೋ ಮೂಲ ಬೆಲೆಯಲ್ಲಿ ಸೇರಿರುವುದಿಲ್ಲ. ಅದನ್ನು ಬಿಟ್ಟು, ಅದೇ ಬಿಲ್ಡರ್ ಐದಾರು ವರ್ಷದ ಹಿಂದೆ ಮುಗಿಸಿದ ಸಮುಚ್ಚಯಕ್ಕೆ ಒಂದು ಸಂಜೆ ಹೋಗಿ ಬನ್ನಿ. ಕಿಟಕಿಯ ಮೂಲೆಗಳಿಂದ ಓರೆಯಾಗಿ ಹೊರಟ ಬಿರುಕುಗಳಿವೆಯೇ, ಗ್ಯಾರೇಜ್ ಬಾಗಿಲ ಚೌಕಟ್ಟು ಊದಿಕೊಂಡಿದೆಯೇ, ಮಹಡಿಯ ಕೆಳಗೆ ಕಂದು ಕಲೆಗಳಿವೆಯೇ ನೋಡಿ. ವಾಕಿಂಗ್ ಮಾಡುತ್ತಿರುವ ನಿವಾಸಿಗಳನ್ನು ಮಾತಾಡಿಸಿದರೆ ಮಾರಾಟದ ಕಚೇರಿ ಹೇಳದ ಸಂಗತಿಗಳೆಲ್ಲ ಹೊರಬರುತ್ತವೆ. ನಿವೃತ್ತರಿಗೆ ಹೇಳಿಕೊಳ್ಳಲು ಸಮಯಕ್ಕೇನೂ ಕೊರತೆಯಿಲ್ಲ.

"ಸಿಟಿಯವರೇ ಪಾಸು ಮಾಡಿದ್ದಾರಲ್ಲ" ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ನಗರದ ಇನ್‌ಸ್ಪೆಕ್ಟರ್ ನೋಡುವುದು ಕಟ್ಟಡ ನಿಯಮದ ಕನಿಷ್ಠ ಮಟ್ಟವನ್ನು, ಅದೂ ಕೆಲಸದ ಕೆಲವು ಹಂತಗಳಲ್ಲಿ ಮಾತ್ರ. ನಿಮ್ಮ ಪರವಾಗಿ ನೋಡುವವರು ಬೇರೆಯೇ ಬೇಕು. ಆದರೆ ಒಂದು ಎಚ್ಚರಿಕೆ: ಕ್ಯಾಲಿಫೋರ್ನಿಯಾದಲ್ಲಿ ಮನೆ ತಪಾಸಕರಿಗೆ ರಾಜ್ಯದ ಲೈಸೆನ್ಸ್ ಎಂಬುದೇ ಇಲ್ಲ. ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಕ್ಯಾಲಿಫೋರ್ನಿಯಾ ರಿಯಲ್ ಎಸ್ಟೇಟ್ ಇನ್‌ಸ್ಪೆಕ್ಷನ್ ಅಸೋಸಿಯೇಷನ್‌ನಂಥ ವೃತ್ತಿ ಸಂಘದ ಸದಸ್ಯರೇ, ಎಷ್ಟು ವರ್ಷದ ಅನುಭವ ಎಂದು ಕೇಳಿಯೇ ಗೊತ್ತುಮಾಡಿ. ಬಿಲ್ಡರ್ ಶಿಫಾರಸು ಮಾಡಿದವರು ಬೇಡ.

ಮನೆ ಇನ್ನೂ ಕಟ್ಟುತ್ತಿದ್ದರೆ ನಿಮ್ಮ ಅದೃಷ್ಟ. ಮರದ ಚೌಕಟ್ಟು ಎದ್ದು, ಪೈಪು-ವೈರು ಹಾಕಿ, ಡ್ರೈವಾಲ್ ಮುಚ್ಚುವ ಮೊದಲು ಕೆಲವು ದಿನ ಮನೆಯ ಎಲುಬು ಕಣ್ಣಿಗೆ ಕಾಣುತ್ತದೆ. ತಪಾಸಕರನ್ನು ಆಗ ಒಮ್ಮೆ ಕರೆತರಲು ಅವಕಾಶ ಬೇಕೆಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಕಿಟಕಿಗಳ ಸುತ್ತ ನೀರು ತಡೆಯುವ ಪಟ್ಟಿಗಳು, ಸ್ನಾನದ ಮನೆಯ ಹಿಂದಿನ ಹಲಗೆಗಳು, ಪೈಪಿಗಾಗಿ ಅತಿಯಾಗಿ ಕೊರೆದ ಮರ, ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಗೋಡೆ ಒಡೆಯದೆ ಇವನ್ನು ನೋಡಲಾಗದು.

ನೆಲ ಮತ್ತು ನೀರು

ನಮ್ಮ ಅಭಿಪ್ರಾಯದಲ್ಲಿ ಅಡುಗೆಮನೆಗೆ ಕೊಡುವ ಗಮನದ ಅರ್ಧವನ್ನಾದರೂ ಮನೆಯ ಕೆಳಗಿನ ಮಣ್ಣಿಗೆ ಕೊಡಬೇಕು. 2007ರ ಅಕ್ಟೋಬರ್ 3ರಂದು ಲಾ ಹೋಯಾದ ಮೌಂಟ್ ಸೊಲೆಡಾಡ್ ಇಳಿಜಾರಿನಲ್ಲಿ ರಸ್ತೆಯೇ ಕುಸಿದು ಹಲವು ಮನೆಗಳು ಹಾಳಾದವು. ಅದೇ ಭಾಗದಲ್ಲಿ 1961ರಲ್ಲೂ ಭೂಕುಸಿತವಾಗಿತ್ತು. ಸ್ಯಾನ್ ಡಿಯಾಗೋದ ಅನೇಕ ಕಡೆ ನೀರು ಕುಡಿದರೆ ಉಬ್ಬಿ, ಒಣಗಿದರೆ ಕುಗ್ಗುವ ಜೇಡಿಮಣ್ಣಿದೆ. ಕಣಿವೆ ತುಂಬಿಸಿ ಸಮ ಮಾಡಿದ ಜಾಗಗಳೂ ಇವೆ. ಮಣ್ಣಿನ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಿರಿ. ಹೊಸ ಬಡಾವಣೆಗಳ ಬಗ್ಗೆ ರಾಜ್ಯದ ರಿಯಲ್ ಎಸ್ಟೇಟ್ ಇಲಾಖೆ ಕೊಡುವ ಪಬ್ಲಿಕ್ ರಿಪೋರ್ಟನ್ನು ಓದದೆ ಸಹಿ ಹಾಕಬೇಡಿ. ದಪ್ಪ ಕಾಗದದ ಕಟ್ಟು, ಬೇಸರ ಬರುತ್ತದೆ, ಆದರೂ ಓದಿ.

ಮಳೆನೀರು ಮನೆಯಿಂದ ದೂರ ಹರಿಯಬೇಕು. ಗೋಡೆಯಿಂದ ಮೊದಲ 10 ಅಡಿಯಲ್ಲಿ ಮಣ್ಣು 6 ಅಂಗುಲ ಇಳಿದಿರಬೇಕೆಂಬುದು ಸಾಮಾನ್ಯ ನಿಯಮ. ಮನೆಯನ್ನು ಒಮ್ಮೆ ಸುತ್ತಿದರೆ ಇದು ಕಣ್ಣಿಗೇ ಗೊತ್ತಾಗುತ್ತದೆ. ಹಾಗೇ ಬಗ್ಗಿ ಸ್ಟಕೋ ಗೋಡೆಯ ಬುಡ ನೋಡಿ. ಅಲ್ಲಿ ಸಣ್ಣ ತೂತುಗಳಿರುವ ತಗಡಿನ ಪಟ್ಟಿಯೊಂದು ಇರುತ್ತದೆ, ವೀಪ್ ಸ್ಕ್ರೀಡ್ ಎಂದು ಹೆಸರು. ಗೋಡೆಯೊಳಗೆ ಸೇರಿದ ನೀರು ಹೊರಬರುವ ದಾರಿ ಅದು. ಮಣ್ಣಿನಿಂದ 4 ಅಂಗುಲ, ಕಾಂಕ್ರೀಟು ಹಾಸಿದ ಕಡೆ 2 ಅಂಗುಲ ಮೇಲಿರಬೇಕು. ತೋಟದ ಕೆಲಸದವರು ಅಂದ ಹೆಚ್ಚಿಸಲು ಮಣ್ಣು ಸುರಿದು ಇದನ್ನು ಮುಚ್ಚಿಬಿಡುತ್ತಾರೆ. ತೇವವೂ ಗೆದ್ದಲೂ ಒಳನುಗ್ಗುವುದು ಅಲ್ಲಿಂದಲೇ.

ಇಲ್ಲಿನ ಹೊಸ ಮನೆಗಳ ತಳಪಾಯ ಹೆಚ್ಚಾಗಿ ಉಕ್ಕಿನ ಕೇಬಲ್ಲುಗಳನ್ನು ಬಿಗಿದ ಪೋಸ್ಟ್-ಟೆನ್ಶನ್ ಸ್ಲ್ಯಾಬ್. ಗ್ಯಾರೇಜಿನ ನೆಲದಲ್ಲಿ ಆ ಎಚ್ಚರಿಕೆ ಅಚ್ಚಾಗಿರುತ್ತದೆ. ಅಂಥ ನೆಲವನ್ನು ಡ್ರಿಲ್ ಮಾಡಬಾರದು. ಕೂದಲೆಳೆಯಂಥ ಬಿರುಕಿಗೆ ಹೆದರಬೇಕಿಲ್ಲ, ಕಾಂಕ್ರೀಟು ಒಣಗುವಾಗ ಅದು ಸಹಜ. ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಎತ್ತರವಾಗಿದ್ದರೆ ಮಾತ್ರ ಎಂಜಿನಿಯರನ್ನು ಕೇಳಿ. ಒಳಗೆ ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆಯೇ ನೋಡಿ. ನೆಲದ ಮೇಲೆ ಮೊಮ್ಮಕ್ಕಳ ಗೋಲಿಯೊಂದನ್ನು ಬಿಡಿ. ಎಲ್ಲಿ ಬಿಟ್ಟರೂ ಒಂದೇ ಮೂಲೆಗೆ ಓಡಿದರೆ ಕಾರಣ ಕೇಳುವುದು ನಿಮ್ಮ ಹಕ್ಕು.

ಕಡಲ ಗಾಳಿಯ ವಿಷಯಕ್ಕೆ ಟೊರ್ರಿ ಪೈನ್ಸ್‌ನಲ್ಲೇ ಒಳ್ಳೆಯ ಪಾಠವಿದೆ. 1965ರಲ್ಲಿ ಮುಗಿದ, ಲೂಯಿ ಕಾನ್ ವಿನ್ಯಾಸದ ಸಾಲ್ಕ್ ಇನ್‌ಸ್ಟಿಟ್ಯೂಟಿನ ಕಿಟಕಿಗಳು ತೇಗದವು. ನಮ್ಮ ಊರಲ್ಲಿ ತೇಗವೆಂದರೆ ತಲೆಮಾರು ಬಾಳುವ ಮರ. ಅಂಥದ್ದೂ ಈ ಉಪ್ಪು-ಮಂಜಿನ ಗಾಳಿಯಲ್ಲಿ ಬೂಷ್ಟು ಹಿಡಿದು ಕಪ್ಪಾಗಿ, ಗೆಟ್ಟಿ ಸಂರಕ್ಷಣಾ ಸಂಸ್ಥೆಯ ನೆರವಿನಿಂದ 2017ರಲ್ಲಿ ದುರಸ್ತಿ ಮುಗಿಯಿತು. ಹೀಗಿರುವಾಗ ಸಮುದ್ರಕ್ಕೆ ಹತ್ತಿರದ ಮನೆಯಲ್ಲಿ ಅಗ್ಗದ ಕಬ್ಬಿಣದ ಕಂಬಿ, ಸಾದಾ ಮೊಳೆ ಎಷ್ಟು ದಿನ ತಡೆದಾವು? ಕೈಪಿಡಿಗಳ ಬುಡ, ಹೊರಗಿನ ಎ.ಸಿ. ಘಟಕ ನೋಡಿ, ಯಾವ ಲೋಹವೆಂದು ಕೇಳಿ.

ನಮ್ಮ ಸಂಸಾರಕ್ಕೆ ಬೇಕಾದ್ದು

ಒಗ್ಗರಣೆಯ ಘಾಟು ನಿಜವಾಗಿ ಹೊರಗೆ ಹೋಗುತ್ತದೆಯೇ? ಒಲೆಯ ಮೇಲಿನ ಫ್ಯಾನ್ ಹಾಕಿ, ಟಿಶ್ಯೂ ಕಾಗದ ಹಿಡಿದು ಎಳೆತ ನೋಡಿ. ಕೊಳವೆ ಹೊರಗೋಡೆಯಲ್ಲೋ ಛಾವಣಿಯಲ್ಲೋ ಎಲ್ಲಿ ತೆರೆಯುತ್ತದೆಂದು ತೋರಿಸಲು ಹೇಳಿ. 2011ರಿಂದ ರಾಜ್ಯದ ಹೊಸ ಮನೆಗಳಲ್ಲಿ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಕಡ್ಡಾಯ. ದೇವರ ದೀಪದ ಹೊಗೆಗೆ ಮನೆಯೆಲ್ಲ ನೀರಾದೀತೆಂದು ಭಯಪಡುವವರಿದ್ದಾರೆ. ಸ್ಪ್ರಿಂಕ್ಲರ್ ತೆರೆಯುವುದು ಹೊಗೆಗಲ್ಲ, ಶಾಖಕ್ಕೆ, ಅದೂ ಬೆಂಕಿಯ ಬಳಿ ಇರುವುದು ಮಾತ್ರ. ಹೊಗೆಗೆ ಕಿರುಚುವ ಅಲಾರ್ಮ್ ಬೇರೆ.

ಸ್ನಾನದ ಮನೆಯಲ್ಲಿ ಕಮೋಡು ಮತ್ತು ಷವರ್ ಸುತ್ತ, ಮುಂದೆ ಹಿಡಿಕೆ ಕೂರಿಸಲು ಗೋಡೆಯೊಳಗೆ ಮರದ ಆಧಾರ ಕೊಟ್ಟಿದ್ದಾರೆಯೇ ಕೇಳಿ. ಈಚಿನ ಕ್ಯಾಲಿಫೋರ್ನಿಯಾ ವಸತಿ ಸಂಹಿತೆಯಲ್ಲಿ ಹೊಸ ಮನೆಗಳಿಗೆ ಇದೂ ಸೇರಿದೆ. ಬರಿಯ ಡ್ರೈವಾಲ್‌ಗೆ ತಿರುಪು ಹಾಕಿದ ಹಿಡಿಕೆ, ಜಾರಿ ಬೀಳುವವರ ಭಾರ ತಡೆಯುವುದಿಲ್ಲ. ಬಾಗಿಲು ತೆರೆದಾಗ 32 ಅಂಗುಲ ದಾರಿ ಸಿಗದಿದ್ದರೆ ವಾಕರ್, ಗಾಲಿಕುರ್ಚಿ ಹೋಗುವುದು ಕಷ್ಟ. ಮೇಲೆ-ಕೆಳಗೆ ಮನೆಗಳಿದ್ದರೆ, ಮೇಲಿನವರು ನಡೆದಾಡುವಾಗ ಕೆಳಗೆ ಹತ್ತು ನಿಮಿಷ ಸುಮ್ಮನೆ ಕುಳಿತು ಕೇಳಿ. ಬೆಳಿಗ್ಗೆ ಐದಕ್ಕೆ ಮಿಕ್ಸಿ ಹಾಕುವವರು ನಾವೇ ಆದರೆ ಮೇಲೆ ಕೂತು ಕೇಳುವುದೂ ನ್ಯಾಯ.

ಕಾನೂನಿನ ಗಡಿಯಾರ

2003ರ ಜನವರಿ 1ರಿಂದ ಮಾರಾಟವಾದ ಹೊಸ ಮನೆಗಳಿಗೆ ಕ್ಯಾಲಿಫೋರ್ನಿಯಾದ ಎಸ್.ಬಿ. 800 ಎಂಬ 'ದುರಸ್ತಿ ಹಕ್ಕು' ಕಾನೂನು ಅನ್ವಯಿಸುತ್ತದೆ. ಕಪಾಟು, ನೆಲಹಾಸು, ಬಣ್ಣದಂಥ ಮೇಲ್ಮೈ ಕೆಲಸಕ್ಕೆ ಬಿಲ್ಡರ್ ಕನಿಷ್ಠ 1 ವರ್ಷದ ವಾರಂಟಿ ಕೊಡಲೇಬೇಕು. ಮನೆಗಳ ನಡುವಿನ ಸದ್ದಿಗೂ ದೂರಿನ ಅವಧಿ 1 ವರ್ಷವೇ. ನಲ್ಲಿ-ಒಳಚರಂಡಿ ಮತ್ತು ವಿದ್ಯುತ್ತಿಗೆ 4 ವರ್ಷ. ಕಣ್ಣಿಗೆ ಕಾಣದ ದೊಡ್ಡ ದೋಷಗಳಿಗೆ ಕಟ್ಟಿ ಮುಗಿದ ಮೇಲೆ ಹೆಚ್ಚೆಂದರೆ 10 ವರ್ಷ. ಕೋರ್ಟಿಗೆ ಹೋಗುವ ಮೊದಲು ಬಿಲ್ಡರ್‌ಗೆ ಲಿಖಿತ ನೋಟಿಸು ಕೊಡಬೇಕು, ಆತ 14 ದಿನದೊಳಗೆ ಅದನ್ನು ಸ್ವೀಕರಿಸಿದ್ದಾಗಿ ತಿಳಿಸಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಒಪ್ಪಂದದಲ್ಲಿ ಬಿಲ್ಡರ್ ತನ್ನದೇ ಬೇರೆ ಕ್ರಮ ಅಥವಾ ಮಧ್ಯಸ್ಥಿಕೆಯ ಷರತ್ತು ಸೇರಿಸಿರಬಹುದು, ವಕೀಲರಿಗೆ ತೋರಿಸಿ. ಬಿಲ್ಡರ್ ಕೊಟ್ಟ ನಿರ್ವಹಣೆಯ ಪಟ್ಟಿ ಪಾಲಿಸದಿದ್ದರೆ ಅದನ್ನೇ ನಿಮ್ಮ ವಿರುದ್ಧ ತೋರಿಸುತ್ತಾರೆ, ಬಿಲ್ಲುಗಳನ್ನು ಜೋಪಾನವಾಗಿಡಿ. ನಾವು ಹೇಳುವುದೇನೆಂದರೆ, ತಪಾಸಕರನ್ನು ಮನೆ ಸೇರುವ ಮುನ್ನ ಒಮ್ಮೆ, ಮತ್ತೆ ಹತ್ತನೇ ತಿಂಗಳಲ್ಲಿ ಇನ್ನೊಮ್ಮೆ ಕರೆಸಿ. ವರ್ಷ ತುಂಬಿದ ಮರುದಿನ ಎಚ್ಚೆತ್ತರೆ ಪ್ರಯೋಜನವಿಲ್ಲ.

ಕಾಂಡೋ ಆದರೆ ಛಾವಣಿ, ಹೊರಗೋಡೆ ಸಾಮಾನ್ಯವಾಗಿ ಸಂಘದ್ದು, ಖರ್ಚು ಎಲ್ಲರದ್ದು. ಬರ್ಕ್ಲಿಯಲ್ಲಿ 2015ರಲ್ಲಿ ಕೊಳೆತ ಬಾಲ್ಕನಿ ಕುಸಿದು ಆರು ಯುವಜನರು ಸತ್ತದ್ದು ನೆನಪಿರಬಹುದು. ಆಮೇಲೆ ಬಂದ 2019ರ ಕಾನೂನಿನಂತೆ, ಮರದ ಆಧಾರವಿರುವ ಎತ್ತರದ ಬಾಲ್ಕನಿಗಳನ್ನು ಕಾಂಡೋ ಸಂಘಗಳು 9 ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷಿಸಬೇಕು. ಆ ವರದಿಯನ್ನೂ, ಸಂಘದ ಮೀಸಲು ನಿಧಿಯ ಅಧ್ಯಯನವನ್ನೂ ಕೇಳಿ. ನಿಧಿ ಬಡವಾಗಿದ್ದರೆ ನಾಳೆ ವಿಶೇಷ ವಸೂಲಿ ನಿಮ್ಮ ಬಾಗಿಲಿಗೆ ಬರುತ್ತದೆ.

ಪ್ರವೇಶ ಶುಲ್ಕ ಕಟ್ಟಿ ಜೀವನಪೂರ್ತಿ ಆರೈಕೆ ಪಡೆಯುವ ಸಮುಚ್ಚಯಗಳಲ್ಲಿ ಮನೆ ಸಾಮಾನ್ಯವಾಗಿ ನಿಮ್ಮದಾಗುವುದಿಲ್ಲ. ಅಲ್ಲಿ ಕೇಳಬೇಕಾದ್ದು ದುರಸ್ತಿ ಯಾರ ಹೊಣೆ, ಮಾಸಿಕ ಶುಲ್ಕ ಏರುವುದು ಹೇಗೆ ಎಂಬುದನ್ನು. ಸೇರಿದ ಮೇಲೆ ಮೊದಲ 90 ದಿನ ಒಪ್ಪಂದ ರದ್ದು ಮಾಡುವ ಅವಕಾಶವಿದೆ. ಅಷ್ಟರಲ್ಲಿ ಒಂದು ಮಳೆ ಬಂದರೆ ಒಳ್ಳೆಯದು.

ಬೆಂಗಳೂರು-ಮೈಸೂರಿನಲ್ಲಿ ಕೊಳ್ಳುವವರಿಗೆ

ಅಪ್ಪ-ಅಮ್ಮನಿಗೆಂದೋ, ತಾವೇ ಮರಳುವ ಆಸೆಯಿಂದಲೋ ಊರಿನ ಹಿರಿಯರ ಸಮುಚ್ಚಯಗಳಲ್ಲಿ ಮನೆ ಕಾದಿರಿಸುವ ಸದಸ್ಯರೂ ಇದ್ದಾರೆ. ಅಲ್ಲಿ 2016ರ ರೇರಾ ಕಾಯ್ದೆಯ ರಕ್ಷಣೆಯಿದೆ. ಮನೆ ವಶಕ್ಕೆ ಬಂದ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಬೇಕು. ಯೋಜನೆ ಕರ್ನಾಟಕ ರೇರಾದಲ್ಲಿ ನೋಂದಣಿಯಾಗಿದೆಯೇ ಎಂಬುದನ್ನು ಇಲ್ಲಿಂದಲೇ ನೋಡಬಹುದು. ಆದರೆ ಡಿಸೆಂಬರ್ ರಜೆಯಲ್ಲಿ ಹೋಗಿ ಒಣಗಿದ ಗೋಡೆ ನೋಡಿ ಒಪ್ಪಿಕೊಳ್ಳುವ ಅಭ್ಯಾಸ ನಮ್ಮವರದ್ದು. ಸಾಧ್ಯವಾದರೆ ಆಗಸ್ಟಿನಲ್ಲಿ ಹೋಗಿ, ಇಲ್ಲವೇ ಅಲ್ಲಿನ ಸಿವಿಲ್ ಎಂಜಿನಿಯರ್ ಒಬ್ಬರನ್ನು ದೊಡ್ಡ ಮಳೆಯ ಮರುದಿನ ಕಳಿಸಿ. ಬಚ್ಚಲ ನೆಲದಲ್ಲಿ 24 ಗಂಟೆ ನೀರು ಕಟ್ಟಿಸಿ ಕೆಳಗಿನ ಮನೆಯ ಮಾಳಿಗೆ ನೋಡಲು ಹೇಳಿ. ಟೈಲುಗಳ ಮೇಲೆ ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ, ಫೋಟೋ ಸಮೇತ ಬಿಲ್ಡರ್‌ಗೆ ಕಳಿಸಿದ ನಂತರವೇ ಕೊನೆಯ ಕಂತು ಕಟ್ಟಿ.