ಲೆಕ್ಕದ ಒಗಟು ಮತ್ತು ಅವ್ಯಕ್ತ ಗಣಿತ

ಕನ್ನಡ ನಾಡಿನ ಗಣಿತ ಚರಿತ್ರೆಯನ್ನು ಶಾಸ್ತ್ರಗ್ರಂಥಗಳಿಂದ ಆರಂಭಿಸುವುದು ವಾಡಿಕೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ದ ಮೂಲಕ ಆ ವಿದ್ಯೆಯನ್ನು ಕನ್ನಡಕ್ಕೆ ತಂದನು. ಬಾಯಿಂದ ಬಾಯಿಗೆ ಸಾಗಿಬಂದ ಲೆಕ್ಕದ ಒಗಟುಗಳಿಗೆ ಈ ಚರಿತ್ರೆಯಲ್ಲಿ ಸ್ಥಾನ ದೊರೆತುದು ವಿರಳ.

ಹಕ್ಕಿಗಳ ಹಿಂಡಿನ ಒಗಟನ್ನು ಪರಿಶೀಲಿಸಬಹುದು. ಹಾರುತ್ತಿರುವ ಹಿಂಡನ್ನು ಕಂಡ ಒಂಟಿ ಹಕ್ಕಿಯೊಂದು ‘ನೀವು ನೂರು ಮಂದಿಯೇ?’ ಎಂದು ಕೇಳುತ್ತದೆ. ನಾವು, ನಮ್ಮಷ್ಟೇ ಮಂದಿ, ನಮ್ಮ ಅರ್ಧ, ಆ ಅರ್ಧದ ಅರ್ಧ, ಜೊತೆಗೆ ನೀನೂ ಸೇರಿದರೆ ನೂರು ಎಂಬುದು ಹಿಂಡಿನ ಉತ್ತರ. ಅರ್ಧದ ಅರ್ಧ ಪೂರ್ಣವಾಗಿ ಬರಬೇಕಾದುದರಿಂದ ಹಿಂಡಿನಲ್ಲಿ 4 ಹಕ್ಕಿಗಳಿವೆಯೆಂದು ಊಹಿಸಿದರೆ 4, 4, 2, 1 ಕೂಡಿ 11 ಆಗುತ್ತದೆ. ನೂರರಲ್ಲಿ ಒಂಟಿ ಹಕ್ಕಿಯನ್ನು ಕಳೆದರೆ 99. ಅದು 11ರ 9 ಪಾಲು. ಆದ್ದರಿಂದ ಹಿಂಡಿನ ಸಂಖ್ಯೆ 4ರ 9 ಪಾಲು, ಅಂದರೆ 36.

ಊಹಿಸಿದ ಸಂಖ್ಯೆಯಿಂದ ನಿಜಸಂಖ್ಯೆಯನ್ನು ಪಡೆಯುವ ಈ ವಿಧಾನವನ್ನು ಭಾಸ್ಕರಾಚಾರ್ಯನು 1150ರ ‘ಲೀಲಾವತಿ’ಯಲ್ಲಿ ‘ಇಷ್ಟಕರ್ಮ’ವೆಂದು ಕರೆದಿದ್ದಾನೆ. ಬೀಜಗಣಿತದಲ್ಲಿ ಅಜ್ಞಾತ ರಾಶಿಗೆ ‘ಯಾವತ್ತಾವತ್’, ಅಂದರೆ ‘ಎಷ್ಟೋ ಅಷ್ಟು’, ಎಂಬ ಹೆಸರುಂಟು. ಒಗಟಿನ ‘ನಮ್ಮಷ್ಟು’ ಎಂಬ ಮಾತೂ ಅದೇ ಕೆಲಸವನ್ನು ಮಾಡುತ್ತದೆ: ತಿಳಿಯದ ಸಂಖ್ಯೆಯನ್ನು ಹೆಸರಿಸಿ, ಅದರೊಡನೆ ವ್ಯವಹರಿಸಲು ಅವಕಾಶ ಕಲ್ಪಿಸುತ್ತದೆ.

ಈ ಸಾಮ್ಯವೊಂದರಿಂದಲೇ ಶಾಸ್ತ್ರದಿಂದ ಒಗಟು ಹುಟ್ಟಿತೆಂದಾಗಲಿ, ಒಗಟಿನಿಂದ ಶಾಸ್ತ್ರ ಹುಟ್ಟಿತೆಂದಾಗಲಿ ತೀರ್ಮಾನಿಸಲಾಗದು. 804ರಲ್ಲಿ ನಿಧನನಾದ ಯುರೋಪಿನ ವಿದ್ವಾಂಸ ಆಲ್ಕ್ವಿನ್‌ನ ಹೆಸರಿನಲ್ಲಿರುವ ಲ್ಯಾಟಿನ್ ಲೆಕ್ಕಗಳ ಸಂಗ್ರಹದಲ್ಲಿಯೂ ಇದೇ ಬಗೆಯ, 36 ಎಂಬ ಉತ್ತರವುಳ್ಳ ಸಮಸ್ಯೆಯಿದೆ. ಕಥೆಗಳಂತೆ ಲೆಕ್ಕಗಳೂ ಗಡಿಗಳನ್ನು ದಾಟುತ್ತವೆ.

ಒಗಟನ್ನು ಸಂಗ್ರಹಿಸುವಾಗ ಪ್ರಶ್ನೆ ಮತ್ತು ಉತ್ತರಗಳನ್ನಷ್ಟೇ ಬರೆದುಕೊಂಡರೆ 36 ಎಂಬ ಅಂಕಿ ಉಳಿಯುತ್ತದೆ. ಅದನ್ನು ತಲುಪಿದ ದಾರಿ ಅಳಿಯುತ್ತದೆ. ಅಕ್ಷರಾಭ್ಯಾಸವಿಲ್ಲದವರು ಬೆರಳೆಣಿಕೆಯಿಂದಲೋ ಕಾಳುಗಳಿಂದಲೋ ಅರ್ಧ, ಕಾಲುಗಳ ಮಾತಿನಿಂದಲೋ ಲೆಕ್ಕ ಬಿಡಿಸಿದರೆ, ಆ ಬಿಡಿಸುವ ಕ್ರಮವೇ ಚರಿತ್ರೆಯ ಆಕರ. ಹೇಳುವವರ ವಿವರಣೆಯನ್ನು ಅವರ ನುಡಿಯಲ್ಲಿಯೇ ದಾಖಲಿಸಿದಾಗ ಮಾತ್ರ ಜನಪದರ ಗಣಿತಪ್ರಜ್ಞೆಯ ಕುರಿತು ಆಧಾರಸಹಿತವಾಗಿ ಮಾತನಾಡುವುದು ಸಾಧ್ಯ.