ಕೋವಿ ನಿಮ್ಮದು, ಮದ್ದು ಸರ್ಕಾರದ್ದು

ಟೆಕ್ಸಾಸ್‌ನಲ್ಲಿರುವ ನಮ್ಮ ಅಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. ಕುಶಲ ಸಮಾಚಾರವೆಲ್ಲ ಮುಗಿದ ಮೇಲೆ, "ಮಾವ, ಮನೇಲೇ ತೋಟಾ ತುಂಬೋಕೆ ಒಂದು ಪ್ರೆಸ್ ತಗೋಬೇಕು. ಸಿಂಗಲ್ ಸ್ಟೇಜ್ ತಗೊಳ್ಳೋದಾ, ಪ್ರೊಗ್ರೆಸಿವ್ ತಗೊಳ್ಳೋದಾ ಅಂತ ಯೋಚನೆ" ಎಂದ. ಮಲೆನಾಡಿನಲ್ಲಿ ಹುಟ್ಟಿದವನಾದ್ದರಿಂದ ಕೋವಿ ನನಗೆ ಹೊಸದಲ್ಲ. ಆದರೆ ಇಷ್ಟು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಪ್ರೆಸ್ ಎಂದರೆ ಮೈಸೂರಿನ ನೋಟು ಮುದ್ರಣಾಲಯವೇ ನೆನಪಿಗೆ ಬರುವುದು! ಆಮೇಲೆ ಯೋಚಿಸಿದರೆ ಆ ಹೋಲಿಕೆ ಅಷ್ಟೇನೂ ತಪ್ಪಲ್ಲ ಅನ್ನಿಸಿತು. ಯಾಕೆ ಎಂದು ಕೊನೆಗೆ ಹೇಳುತ್ತೇನೆ.

ಮೊದಲು ಈ ಯಂತ್ರದ ವಿಷಯ. ಹಾರಿಸಿದ ತೋಟಾದ ಹಿತ್ತಾಳೆಯ ಕವಚ ಹಾಳಾಗುವುದಿಲ್ಲ, ಅದನ್ನು ಮತ್ತೆ ಬಳಸಬಹುದು. ಸುಟ್ಟ ಕೇಪು ತೆಗೆಯಬೇಕು, ಹಿಗ್ಗಿದ ಕವಚವನ್ನು ಅಳತೆಗೆ ತರಬೇಕು, ಹೊಸ ಕೇಪು ಕೂರಿಸಬೇಕು, ಮದ್ದು ಹಾಕಬೇಕು, ಗುಂಡು ಇಟ್ಟು ಬಿಗಿಯಬೇಕು. ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಒಂದು ಸಲ ಹಿಡಿ ಎಳೆದರೆ ಇದರಲ್ಲಿ ಒಂದೇ ಕೆಲಸ ಆಗುತ್ತದೆ. ಪ್ರೊಗ್ರೆಸಿವ್‌ನಲ್ಲಿ ಒಂದು ತಟ್ಟೆ ಸುತ್ತುತ್ತಿರುತ್ತದೆ, ಅದರ ಮೇಲೆ ನಾಲ್ಕೈದು ಕವಚಗಳು ಒಂದೊಂದು ಹಂತದಲ್ಲಿ ನಿಂತಿರುತ್ತವೆ. ಪ್ರತಿ ಎಳೆತಕ್ಕೂ ಒಂದು ಪೂರ್ತಿ ತೋಟಾ ಹೊರಗೆ ಬೀಳುತ್ತದೆ. ಕೈ ಕುದುರಿದವರು ಗಂಟೆಗೆ ನಾಲ್ಕೈದು ನೂರು ಮಾಡುತ್ತಾರಂತೆ. ಅಮೆರಿಕದಲ್ಲಿ ಇಂಥ ಯಂತ್ರ 1930ರ ದಶಕದಲ್ಲೇ ಇತ್ತು. 1970ರ ದಶಕದ ನಂತರ ವಿಮಾನದ ಪೈಲಟ್ ಆಗಿದ್ದ ಮೈಕ್ ಡಿಲನ್ ಎಂಬಾತ ಅರಿಜೋನಾದಲ್ಲಿ ಕಂಪೆನಿ ಮಾಡಿ ಅದನ್ನು ಸಾಮಾನ್ಯರ ಗ್ಯಾರೇಜಿಗೂ ತಂದ.

ಹಾಗಾದರೆ ಯಾವುದನ್ನು ತೆಗೆದುಕೊಳ್ಳಬೇಕು? ತಿಳಿದವರು ಹೇಳುವುದು ಸರಳವಾಗಿದೆ. ವಾರಕ್ಕೆ ಸಾವಿರಗಟ್ಟಲೆ ಹಾರಿಸುವ ಸ್ಪರ್ಧಿಗೆ ಪ್ರೊಗ್ರೆಸಿವ್, ಹೊಸಬನಿಗೆ ಸಿಂಗಲ್ ಸ್ಟೇಜ್. ವೇಗ ಹೆಚ್ಚಾದಷ್ಟೂ ಪ್ರತಿ ಕವಚದೊಳಗೆ ಮದ್ದು ಬಿದ್ದಿದೆಯೇ ಎಂದು ಕಣ್ಣಿಟ್ಟು ನೋಡುವುದು ಕಡಿಮೆಯಾಗುತ್ತದೆ. ಮದ್ದು ಬೀಳದಿದ್ದರೆ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಗೊತ್ತಾಗದೆ ಮುಂದಿನ ಈಡು ಹಾರಿಸಿದರೆ ನಳಿಗೆಯೇ ಒಡೆಯಬಹುದು. ಎರಡು ಸಲ ಮದ್ದು ಬಿದ್ದರಂತೂ ಕೇಳುವುದೇ ಬೇಡ. ಎಣಿಸುವ ಯಂತ್ರ ಬಂದ ಮೇಲೂ ಹಳೆಯ ಕ್ಯಾಷಿಯರುಗಳು ಕಟ್ಟನ್ನು ಒಮ್ಮೆ ಕೈಯಲ್ಲಿ ಎಣಿಸುತ್ತಿದ್ದರಲ್ಲ, ಹಾಗೆಯೇ ಇದೂ!

ಇಷ್ಟು ಅವನಿಗೆ ಹೇಳಿ ಫೋನ್ ಇಟ್ಟೆ. ಆದರೆ ಅವನಿಗೆ ಅಂಗಡಿಗೆ ಹೋಗಿ ಕೊಳ್ಳುವ ವಸ್ತುವಾಗಿರುವುದು ನಮ್ಮ ದೇಶದಲ್ಲಿ ಯಾಕೆ ಹಾಗಿಲ್ಲ ಎಂಬ ಪ್ರಶ್ನೆ ಉಳಿಯಿತು. ಹುಡುಕುತ್ತಾ ಹೋದರೆ ಅದರ ಚರಿತ್ರೆ ನಾನಿರುವ ಈ ಊರಿನ ಚರಿತ್ರೆಯ ಜೊತೆಗೇ ಹೆಣೆದುಕೊಂಡಿದೆ.

ಹೈದರಾಬಾದಿನ ಬ್ಯಾಂಕಿನವರಿಗೆಲ್ಲ ಗನ್ ಫೌಂಡ್ರಿ ಎಂದರೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನ ಹೆಡ್ಡಾಫೀಸು. 2017ರಲ್ಲಿ ಆ ಬ್ಯಾಂಕು ಎಸ್‌ಬಿಐನಲ್ಲಿ ಸೇರಿಹೋಯಿತು, ಬಡಾವಣೆಯ ಹೆಸರು ಮಾತ್ರ ಹಾಗೇ ಇದೆ. ಆ ಹೆಸರು ಬಂದದ್ದು 1795ರಲ್ಲಿ ಅಲ್ಲಿ ಶುರುವಾದ ಫಿರಂಗಿ ಎರಕದ ಕಾರ್ಖಾನೆಯಿಂದ. ಊರಿನವರು ಅದನ್ನು 'ತೋಪ್ ಕಾ ಸಾಂಚಾ' ಎನ್ನುತ್ತಿದ್ದರು, ಅಂದರೆ ತೋಪಿನ ಅಚ್ಚು. ಕಟ್ಟಿಸಿದವನು ನಿಜಾಮ್ ಅಲಿ ಖಾನನ ಸೇವೆಯಲ್ಲಿದ್ದ ಫ್ರೆಂಚ್ ದಳಪತಿ ರೇಮೊಂಡ್. ಜನ ಪ್ರೀತಿಯಿಂದ ಅವನನ್ನು ಮೂಸಾ ರಾಮ್ ಎಂದು ಕರೆದರು, ಮೂಸಾರಾಂಬಾಗ್ ಎಂಬ ಹೆಸರು ಅವನದೇ. ನಿಜಾಮನ ಸೈನ್ಯಕ್ಕೆ ಫಿರಂಗಿ, ಗುಂಡು ಎಲ್ಲ ಇಲ್ಲೇ ಎರಕವಾಗುತ್ತಿತ್ತು. ಹೊರಗಿನವರ ಮುಂದೆ ಕೈ ಚಾಚಬೇಕಾಗಿರಲಿಲ್ಲ.

ಇದು ಕಂಪೆನಿಯವರಿಗೆ ಸರಿಬರಲಿಲ್ಲ. 1798ರ ಮಾರ್ಚಿಯಲ್ಲಿ ರೇಮೊಂಡ್ ತೀರಿಕೊಂಡ. ಸೆಪ್ಟೆಂಬರ್ 1ಕ್ಕೆ ನಿಜಾಮ ಸಹಾಯಕ ಸೈನ್ಯದ ಒಪ್ಪಂದಕ್ಕೆ ಸಹಿ ಹಾಕಿದ. ಅಕ್ಟೋಬರಿನಲ್ಲಿ ಫ್ರೆಂಚ್ ಅಧಿಕಾರಿಗಳ ಕೈಕೆಳಗಿದ್ದ, ಸುಮಾರು 14,000 ಜನರ ಪಡೆಯನ್ನು ಕಂಪೆನಿಯವರು ಸುತ್ತುವರಿದು ಆಯುಧ ಕೆಳಗಿಡಿಸಿದರು. ಏಳು ತಿಂಗಳೊಳಗೆ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಆ ಮುತ್ತಿಗೆಯಲ್ಲಿ ಹೈದರಾಬಾದಿನ ಸೈನ್ಯ ಇಂಗ್ಲಿಷರ ಪಕ್ಕದಲ್ಲಿ ನಿಂತಿತ್ತು. ಹೈದರ್ ಮತ್ತು ಟಿಪ್ಪು ತಮ್ಮ ನೆಲದಲ್ಲೇ ರಾಕೆಟ್ ಮಾಡಿಸಿ ಸಂಗ್ರಹಿಸುತ್ತಿದ್ದವರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಒಂದು ಹಾಳುಬಾವಿಯಲ್ಲಿ ಅಂಥ ಸಾವಿರದಷ್ಟು ರಾಕೆಟ್‌ಗಳು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಹೀಗೆ ಒಂದೇ ವರ್ಷದಲ್ಲಿ ದಖನ್ನಿನ ಎರಡು ರಾಜ್ಯಗಳು ಸ್ವಂತ ಶಕ್ತಿ ಕಳೆದುಕೊಂಡವು. 1806ರಲ್ಲಿ ಹುಸೇನ್ ಸಾಗರದ ಆಚೆ ಕಂಪೆನಿಯ ಸೈನ್ಯಕ್ಕಾಗಿ ನಿಜಾಮ್ ಸಿಕಂದರ್ ಜಾನ ಹೆಸರಿನಲ್ಲಿ ಒಂದು ದಂಡು ಪ್ರದೇಶ ಹುಟ್ಟಿತು. ಅದೇ ನಮ್ಮ ಸಿಕಂದರಾಬಾದ್! ನಿಜಾಮನ ಗದ್ದುಗೆ ಉಳಿಯಿತು, ಅರಮನೆ ಉಳಿಯಿತು, ಆದರೆ ಮದ್ದುಗುಂಡು ಯಾರ ಕೈಯಲ್ಲಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು.

ಇನ್ನು ರಾಜರ ಮಾತು ಬಿಟ್ಟು ಜನರ ಕಡೆ ಬರೋಣ. ನಮ್ಮ ಮಲೆನಾಡಿನ ಕೇಪಿನ ಕೋವಿ ನೋಡಿದವರಿಗೆ ಗೊತ್ತು, ಅದರಲ್ಲಿ ಪ್ರತಿ ಈಡೂ ಮನೆಯಲ್ಲೇ ತಯಾರು. ನಳಿಗೆಯ ಬಾಯಿಂದ ಮದ್ದು, ಅದರ ಮೇಲೆ ಕತ್ತದ ನಾರು, ಆಮೇಲೆ ಚರೆ, ಮತ್ತೆ ನಾರು, ಉದ್ದನೆಯ ಸಲಾಕೆಯಿಂದ ಗಿಡಿಯುವುದು, ಕೊನೆಗೆ ಕೇಪು. ಹಂದಿಗೆ ಎಷ್ಟು, ಮಂಗ ಬೆದರಿಸಲು ಎಷ್ಟು ಎಂಬ ಲೆಕ್ಕ ಹಿರಿಯರ ಅಂಗೈಯಲ್ಲಿತ್ತು. ಆ ಕಾಲದ ಸೈನಿಕನದೂ ಇದೇ ಕಥೆ. ಮದ್ದು, ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿಟ್ಟಿದ್ದೇ ತೋಟಾ. ಅದನ್ನು ಹಲ್ಲಿನಿಂದ ಹರಿದು ತುಂಬುತ್ತಿದ್ದ, ಅಷ್ಟೇ ವ್ಯತ್ಯಾಸ.

1857ರಲ್ಲಿ ಬೆಂಕಿ ಹತ್ತಿದ್ದು ಈ ಕಾಗದದ ತೋಟಾಕ್ಕೇ ಎಂದು ಶಾಲೆಯಲ್ಲಿ ಓದಿದ್ದೇವೆ. ಎನ್‌ಫೀಲ್ಡ್ ಬಂದೂಕಿನ ತೋಟಾಕ್ಕೆ ಸವರಿದ ಕೊಬ್ಬು ಯಾವುದರದು ಎಂಬ ಅನುಮಾನ. ಶಾಲೆಯಲ್ಲಿ ಹೇಳದ ಒಂದು ಸಂಗತಿ ಇದೆ. ಗದ್ದಲ ಶುರುವಾದ ಕೂಡಲೇ, ಆ ವರ್ಷದ ಜನವರಿಯಲ್ಲೇ, ಸಿಪಾಯಿಗಳು ಬೇಕಾದರೆ ತಾವೇ ಎಣ್ಣೆ, ಮೇಣ ತಂದು ಸವರಿಕೊಳ್ಳಲಿ ಎಂದು ಸರ್ಕಾರ ಆದೇಶ ಮಾಡಿತ್ತು. ಅಂದರೆ ತೋಟಾ ತಯಾರಿಯ ಒಂದು ಪುಟ್ಟ ಭಾಗವನ್ನು ಸಿಪಾಯಿಯ ಕೈಗೇ ಬಿಟ್ಟುಕೊಟ್ಟಿತ್ತು. ಆದರೆ ಅಷ್ಟರಲ್ಲಿ ನಂಬಿಕೆ ಹೋಗಿತ್ತು. ತನ್ನ ಬಾಯಿಗೆ ಬರುವ ವಸ್ತುವನ್ನು ಎಲ್ಲೋ ಯಾರೋ ಕಾಣದ ಜಾಗದಲ್ಲಿ ತುಂಬಿ ಕಳಿಸುತ್ತಾರೆ ಎಂಬುದೇ ದೊಡ್ಡ ಸಂಕಟವಾಗಿತ್ತು.

ಅದೇ ವರ್ಷ ನಿಶ್ಶಸ್ತ್ರೀಕರಣ ಕಾಯಿದೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದರು. ಬೇಟೆ ಅವರ ಹೊಟ್ಟೆಪಾಡು, ಆಯುಧ ಅವರ ಮಾನ. ನವೆಂಬರ್ ಕೊನೆಯಲ್ಲಿ ಕಂಪೆನಿಯ ಸೈನ್ಯ ಊರಿಗೆ ಬೆಂಕಿ ಇಟ್ಟಿತು, ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಿತು. ಜಡಗ, ಬಾಲ, ರಾಮ, ಹನುಮ ಎಂಬ ಹೆಸರುಗಳು ಲಾವಣಿಯಲ್ಲಿ ಉಳಿದವು. ಎಂಟನೆಯದೋ ಹತ್ತನೆಯದೋ ಕ್ಲಾಸಿನಲ್ಲಿ ನಾವೆಲ್ಲ ಆ ಲಾವಣಿ ಓದಿದವರೇ. ಪರೀಕ್ಷೆಗೆ ಸಾರಾಂಶ ಬರೆದೆವು, ಆ ಜನ ಕಳೆದುಕೊಂಡದ್ದೇನು ಎಂದು ಕೇಳಲಿಲ್ಲ.

ಆಮೇಲಿನ ಬದಲಾವಣೆ ಕಾಯಿದೆಯಿಂದ ಆದದ್ದಕ್ಕಿಂತ ಯಂತ್ರದಿಂದ ಆದದ್ದೇ ಹೆಚ್ಚು. 1866ರ ಸುಮಾರಿಗೆ ಇಂಗ್ಲೆಂಡಿನ ಬಾಕ್ಸರ್, ಅಮೆರಿಕದ ಬರ್ಡನ್ ಎಂಬಿಬ್ಬರು ಲೋಹದ ತೋಟಾಕ್ಕೆ ಎರಡು ಬಗೆಯ ಕೇಪು ಕಂಡುಹಿಡಿದರು. ಕಾಗದದ ತೋಟಾ ಯಾರು ಬೇಕಾದರೂ ಸುತ್ತಬಹುದಿತ್ತು. ಲೋಹದ ತೋಟಾಕ್ಕೆ ಕಾರ್ಖಾನೆಯೇ ಬೇಕು. 1869ರಲ್ಲಿ ಪುಣೆಯ ಹತ್ತಿರದ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು. ಅದು ಇಂದಿಗೂ ಇದೆ, 2021ರಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪೆನಿಯ ಕೆಳಗೆ. 1878ರಲ್ಲಿ ಶಸ್ತ್ರ ಕಾಯಿದೆ ಬಂದು ಲೈಸೆನ್ಸು ಎಂಬುದು ಊರೂರಿಗೂ ತಲುಪಿತು.

ಇಲ್ಲೊಂದು ತಮಾಷೆ ಇದೆ. ಇಂಗ್ಲಿಷನಾದ ಬಾಕ್ಸರನ ಕೇಪು ಅಮೆರಿಕದಲ್ಲಿ ನೆಲೆಯೂರಿತು. ಅಮೆರಿಕದವನಾದ ಬರ್ಡನ್‌ನದು ಯೂರೋಪಿಗೂ ಬ್ರಿಟಿಷ್ ಸೈನ್ಯಕ್ಕೂ ಹೋಗಿ ನಮ್ಮ ಕಡೆಗೂ ಬಂತು. ಬಾಕ್ಸರ್ ಕವಚಕ್ಕೆ ಒಂದೇ ತೂತು, ನಡುವೆ. ಒಂದು ಸೂಜಿಯಿಂದ ತಳ್ಳಿದರೆ ಸುಟ್ಟ ಕೇಪು ಉದುರುತ್ತದೆ, ಮತ್ತೆ ತುಂಬುವುದು ಸುಲಭ. ಬರ್ಡನ್ ಕವಚಕ್ಕೆ ಎರಡು ಸಣ್ಣ ತೂತು, ನಡುವೆ ಏನೂ ಇಲ್ಲ, ಆದ್ದರಿಂದ ಕೇಪು ತೆಗೆಯುವುದೇ ಕಷ್ಟ. ಅಮೆರಿಕದ ಮನೆಗಳಲ್ಲಿ ಮರುತುಂಬುವ ಪ್ರೆಸ್ ಹಬ್ಬಿದ್ದಕ್ಕೆ ಈ ಒಂದು ತೂತೂ ಕಾರಣ ಎಂದರೆ ನಂಬುತ್ತೀರಾ?

ಹಾಗೆಂದು ನಮ್ಮಲ್ಲಿ ಮನೆಯಲ್ಲಿ ತೋಟಾ ತುಂಬಿದವರೇ ಇರಲಿಲ್ಲವೇ? ಇದ್ದರು, ಇಂಗ್ಲಿಷ್ ಶಿಕಾರಿಗಳು. ಮೇಜಿನ ಅಂಚಿಗೆ ಬಿಗಿಯುವ ಪುಟ್ಟ ಕೈಯಂತ್ರ, ಕಾಗದದ ಕವಚ, ಅಳತೆಯ ಬಟ್ಟಲು, ಕೊನೆಗೆ ಅಂಚು ಮಡಚುವ ಹಿಡಿಕೆ. ಇಂದಿನ ಪ್ರೊಗ್ರೆಸಿವ್ ಪ್ರೆಸ್ಸಿನ ಅಜ್ಜ ಎನ್ನಬಹುದು. ಪಶ್ಚಿಮ ಘಟ್ಟದ ಮಳೆಯಲ್ಲಿ ಕಾಗದದ ಕವಚ ತೇವ ಹೀರಿ ಊದಿಕೊಂಡರೆ ನಳಿಗೆಯೊಳಗೆ ಹೋಗುವುದೇ ಇಲ್ಲ. ಆಳುವವರಿಗೆ ಮೇಜಿನ ಮೇಲಿನ ಹವ್ಯಾಸವಾಗಿದ್ದುದು ಆಳಿಸಿಕೊಂಡವರಿಗೆ ಅಪರಾಧವಾಗಿತ್ತು ಎಂಬುದನ್ನು ಮಾತ್ರ ಗಮನಿಸಬೇಕು.

ಕೊಡಗಿನದು ಬೇರೆಯೇ ದಾರಿ. 1861ರಲ್ಲಿ ಚೀಫ್ ಕಮೀಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಹಲಗಲಿ ಸುಟ್ಟು ನಾಲ್ಕು ವರ್ಷವೂ ಆಗಿರಲಿಲ್ಲ! ಆ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಇಟ್ಟು ಪೂಜಿಸುತ್ತಾರೆ, ಮರದ ತುದಿಯ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಸತ್ತರೆ ಎರಡು. ಆದರೆ ಅಲ್ಲಿಯೂ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲಿಕ್ಕೆ, ಒಯ್ಯಲಿಕ್ಕೆ. ತೋಟಾ ಕಾರ್ಖಾನೆ ನಡೆಸಲಿಕ್ಕಲ್ಲ.

ಈಗ ಮೊದಲು ಹೇಳಿದ ನೋಟಿನ ಮಾತಿಗೆ ಬರುತ್ತೇನೆ. 1959ರ ಶಸ್ತ್ರ ಕಾಯಿದೆಯ ಎರಡನೆಯ ಕಲಮು 'ಮದ್ದುಗುಂಡು' ಎಂದರೇನು ಎಂದು ಪಟ್ಟಿ ಕೊಡುತ್ತದೆ. ರಾಕೆಟ್, ಬಾಂಬು, ಗ್ರೆನೇಡ್ ಎಲ್ಲ ಆದ ಮೇಲೆ ಮದ್ದುಗುಂಡಿನ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರಗಳೂ ಮದ್ದುಗುಂಡೇ ಎನ್ನುತ್ತದೆ. ಅಂದರೆ ಒಂದು ಚೂರು ಮದ್ದಿಲ್ಲದೆ, ಗುಂಡಿಲ್ಲದೆ, ಬರೀ ಕಬ್ಬಿಣದ ಪ್ರೆಸ್ ಮೇಜಿನ ಮೇಲೆ ಕೂತಿದ್ದರೂ ಕಾನೂನಿನ ಕಣ್ಣಿಗೆ ಅದು ಮದ್ದುಗುಂಡು. ತಯಾರಿಕೆಗೆ ಬೇರೆಯೇ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ತಯಾರಿಸಿದರೆ ಕನಿಷ್ಠ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ. ನೋಟು ಎಷ್ಟು ಬೇಕಾದರೂ ಇಟ್ಟುಕೊಳ್ಳಿ, ನೋಟು ಅಚ್ಚು ಹಾಕುವ ಯಂತ್ರ ಇಟ್ಟುಕೊಳ್ಳಬೇಡಿ ಎನ್ನುತ್ತಾರಲ್ಲ, ತರ್ಕ ಅದೇ. ಕೋವಿಯೊಂದು ಪರ್ಸಿನಲ್ಲಿರುವ ನೋಟು. ಪ್ರೆಸ್ ಎಂದರೆ ಟಂಕಸಾಲೆ. ಯಾವ ಸರ್ಕಾರವೂ ಟಂಕಸಾಲೆಯನ್ನು ಮನೆಮನೆಗೆ ಹಂಚುವುದಿಲ್ಲ.

ಇದು ಸರಿಯೋ ತಪ್ಪೋ? ನನಗನ್ನಿಸುವುದನ್ನು ಹೇಳಿಬಿಡುತ್ತೇನೆ. ಊರಿನಲ್ಲಿ ಅಡಿಕೆ ಬಾಳೆ ಕಾಯುವ ರೈತ ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ, ಹಂದಿ, ಮಂಗಗಳ ಮುಂದೆ ಬರಿಗೈಯಲ್ಲಿ ನಿಲ್ಲುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಆದರೂ ಗಲ್ಲಿಗಲ್ಲಿಯಲ್ಲಿ ಗಂಟೆಗೆ ಐನೂರು ತೋಟಾ ತುಂಬುವ ಯಂತ್ರ ಇರಬೇಕೆಂದು ನನಗೆ ಅನ್ನಿಸುವುದಿಲ್ಲ. ಕಾಯಿದೆಯ ಮಾತು ಎರಡೂ ಕಾಲದಲ್ಲಿ ಒಂದೇ, ಹೇಳಿದವರು ಬೇರೆ. ಹಲಗಲಿಯವರನ್ನು ಕೇಳದೆ ಕಿತ್ತುಕೊಂಡರು. 1959ರ ಕಾಯಿದೆಯನ್ನು ನಾವೇ ಓಟು ಹಾಕಿ ಕಳಿಸಿದವರು ಮಾಡಿದರು. ಬೇಡವೆನ್ನಿಸಿದರೆ ಬದಲಾಯಿಸಿ ಎಂದು ಕೇಳುವ ಹಕ್ಕು ನಮಗಿದೆ. ಆ ಹಕ್ಕು ಇದ್ದರೆ ಮದ್ದು ಸರ್ಕಾರದ ಕೈಯಲ್ಲಿರುವುದು ಒಪ್ಪಂದ, ಇಲ್ಲದಿದ್ದರೆ ಅದು ಬರೀ ಸೋಲು.

ನಿಮ್ಮ ಮನೆಗಳಲ್ಲಿ ಕೇಪಿನ ಕೋವಿ ತುಂಬುತ್ತಿದ್ದ ಹಿರಿಯರು ಇನ್ನೂ ಇದ್ದರೆ ಮುಂದಿನ ಸಲ ಊರಿಗೆ ಹೋದಾಗ ಕೂತು ಕೇಳಿ. ಯಾವ ಪ್ರಾಣಿಗೆ ಎಷ್ಟು ಮದ್ದು ಎಂಬುದಕ್ಕಿಂತ ಹೆಚ್ಚಾಗಿ, ಯಾವಾಗ ಹಾರಿಸಬಾರದು ಎಂಬುದನ್ನು ಅವರು ಹೇಳುತ್ತಾರೆ. ಒಂದೊಂದೇ ಈಡು ತುಂಬಿದವರಿಗೆ ಮಾತ್ರ ಗೊತ್ತಿರುವ ವಿಷಯ ಅದು.