ದುಬೈಗೆ ಪಿನ್ ಕೋಡ್ ಇಲ್ಲ

ಬೀದರಿನದು 585401, ಭಾಲ್ಕಿಯದು 585328, ಔರಾದಿನದು 585326. 1972ರ ಆಗಸ್ಟ್ 15ರಂದು ಶುರುವಾದ ಪಿನ್ ಕೋಡ್ ನಮ್ಮ ವಿಳಾಸಕ್ಕೆ ಎಷ್ಟು ಅಂಟಿಕೊಂಡಿದೆಯೆಂದರೆ, ಆನ್‌ಲೈನ್ ಅಂಗಡಿ ಕಟ್ಟುವವರು ‘ಆರು ಅಂಕಿ ಕಡ್ಡಾಯ’ ಎಂಬ ಷರತ್ತನ್ನು ಯೋಚಿಸದೆಯೇ ಹಾಕಿಬಿಡುತ್ತಾರೆ. ದುಬೈಯಲ್ಲಿ ದುಡಿಯುವ ಭಾಲ್ಕಿಯವರು ಬಿದ್ರಿ ಹೂದಾನಿ ತರಿಸಿಕೊಳ್ಳಲು ಹೊರಟರೆ ಅಲ್ಲೇ ತಡೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಪಿನ್ ಕೋಡ್ ಪದ್ಧತಿಯೇ ಇಲ್ಲ. ಅಂಚೆ ನಡೆಯುವುದು ಪಿ.ಒ. ಬಾಕ್ಸ್ ಸಂಖ್ಯೆಯ ಮೇಲೆ. ಆರು ಸೊನ್ನೆ ಒತ್ತಿ ಮುಂದೆ ಹೋಗುವುದೊಂದೇ ಗ್ರಾಹಕರಿಗೆ ಉಳಿಯುವ ದಾರಿ.

ಈ ಕುರುಡು ಮೊದಲು ಕಂಡದ್ದು ಅಮೆರಿಕದಲ್ಲಿ. 1990ರ ದಶಕದಲ್ಲಿ ಅಲ್ಲಿನ ಜಾಲ ಅಂಗಡಿಗಳು 1963ರ ಐದಂಕಿ ಜಿಪ್ ಕೋಡನ್ನೂ ತಮ್ಮ 50 ರಾಜ್ಯಗಳ ಪಟ್ಟಿಯನ್ನೂ ಎಲ್ಲರ ಮುಂದೆ ಇಟ್ಟವು. ಬ್ರಿಟನ್, ಕೆನಡಾಗಳ ಕೋಡುಗಳಲ್ಲಿ ಅಕ್ಷರಗಳಿವೆ. ಐರ್ಲೆಂಡಿಗೆ ದೇಶವ್ಯಾಪಿ ಕೋಡ್ ಬಂದದ್ದೇ 2015ರಲ್ಲಿ. ದೂರುಗಳು ಹೆಚ್ಚಿದಂತೆ ಕ್ರಮ ಬದಲಾಯಿತು: ಮೊದಲು ದೇಶ ಕೇಳು, ಆಮೇಲೆ ಆ ದೇಶಕ್ಕೆ ಬೇಕಾದ ಕಾಲಂಗಳನ್ನಷ್ಟೇ ತೋರಿಸು. ದೇಶವಾರು ವಿಳಾಸದ ವಿನ್ಯಾಸಗಳನ್ನು ಗೂಗಲ್ ಮುಕ್ತವಾಗಿ ಹಂಚಿದ ಮೇಲೆ ಇದು ಸಣ್ಣ ಅಂಗಡಿಗೂ ಎಟುಕಿತು.

ಹೆಸರಿನ ವಿಷಯದಲ್ಲಿ ಬುದ್ಧಿ ಬಂದದ್ದು ಇನ್ನೂ ನಿಧಾನವಾಗಿ. ಹೆಸರುಗಳ ಬಗ್ಗೆ ಪ್ರೋಗ್ರಾಮರುಗಳು ನಂಬಿರುವ ಸುಳ್ಳುಗಳನ್ನು ಪ್ಯಾಟ್ರಿಕ್ ಮೆಕೆಂಝಿ 2010ರಲ್ಲಿ ಪಟ್ಟಿ ಮಾಡಿದರು. ಅದನ್ನು ನಮ್ಮ ಜಿಲ್ಲೆಯಲ್ಲಿ ಕೂತು ಓದಬೇಕು. ಇಲ್ಲಿ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರನ್ನೂ ಬರೆಯುವವರಿದ್ದಾರೆ, ಒಂದೇ ಹೆಸರಿನವರೂ ಇದ್ದಾರೆ. ‘ಸರ್‌ನೇಮ್ ಕಡ್ಡಾಯ’ ಎಂದಾಗ ಒಂಟಿ ಹೆಸರಿನವರು ಅದನ್ನೇ ಎರಡು ಸಲ ಬರೆಯುತ್ತಾರೆ ಅಥವಾ ಚುಕ್ಕೆ ಇಡುತ್ತಾರೆ. ಮುಂದೆ ಪಾಸ್‌ಪೋರ್ಟಿಗೂ ಟಿಕೆಟಿಗೂ ತಾಳೆಯಾಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಭೇಟಿ ವೀಸಾ ಇಲ್ಲವೆಂದು ಎಮಿರೇಟ್ಸ್ 2022ರ ನವೆಂಬರ್‌ನಲ್ಲಿ ಬಿಗಿ ಮಾಡಿದಾಗ ಈ ಕಾಲಮ್ಮಿನ ಭಾರ ಏನೆಂಬುದು ಬಯಲಾಯಿತು. ಹೂದಾನಿ ಮಾರಲು ‘ಪೂರ್ಣ ಹೆಸರು’ ಎಂಬ ಒಂದೇ ಕಾಲಂ ಸಾಕು.

ಊರಿನ ಹೆಸರೂ ಹಾಗೆಯೇ. ಔರಾದ್ (ಬಿ) ಎಂದು ಬರೆದರೆ ಆವರಣ ಚಿಹ್ನೆ ನಡೆಯದೆಂದು ಕೆಲವು ಫಾರ್ಮುಗಳು ತಿರಸ್ಕರಿಸುತ್ತವೆ. ಬರೀ ಔರಾದ್ ಎಂದರೆ ಗಡಿಯಾಚೆ ಲಾತೂರ್ ಜಿಲ್ಲೆಯಲ್ಲಿ ಔರಾದ್ ಶಹಾಜಾನಿ ಇದೆ.

ಫೋನ್ ನಂಬರಿಗೆ ಅಂತರರಾಷ್ಟ್ರೀಯ ಒಪ್ಪಂದವೇ ಇದೆ: ದೇಶದ ಕೋಡ್ ಸೇರಿ ಗರಿಷ್ಠ 15 ಅಂಕಿ. ಹಾಗಿದ್ದೂ ಹತ್ತೇ ಅಂಕಿ ಒಪ್ಪುವ, ಒಟಿಪಿಯನ್ನು +91ಕ್ಕೆ ಮಾತ್ರ ಕಳಿಸುವ ಅಂಗಡಿಗಳು ನಮ್ಮಲ್ಲಿ ಹೇರಳ. ಹಣ ಪಾವತಿಯಲ್ಲಿ ಮಾತ್ರ ಬಾಗಿಲು ತೆರೆದಿದೆ. ಎನ್‌ಆರ್‌ಇ, ಎನ್‌ಆರ್‌ಒ ಖಾತೆಯುಳ್ಳ ಅನಿವಾಸಿಗಳು ಎಮಿರೇಟ್ಸ್, ಸೌದಿ, ಕತಾರ್ ಸೇರಿ ಹತ್ತು ದೇಶಗಳ ನಂಬರಿನಿಂದ ಯುಪಿಐ ಬಳಸಲು 2023ರಲ್ಲಿ ಅವಕಾಶವಾಯಿತು. ಕೊಲ್ಲಿಯಲ್ಲಿರುವ ನಮ್ಮವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇತ್ತೀಚೆಗೆ ಆಗಿಲ್ಲ.

ಈಗ ಕಗ್ಗಂಟಾಗಿರುವುದು ಸುಂಕ. 2021ರಿಂದ ವಿದೇಶಕ್ಕೆ ಹೋಗುವ ಅಂಚೆ ಪಾರ್ಸೆಲಿನ ವಿವರವನ್ನು ಮುಂಚಿತವಾಗಿ ವಿದ್ಯುನ್ಮಾನವಾಗಿ ಕಳಿಸಬೇಕು. 2006ರಲ್ಲಿ ಭೌಗೋಳಿಕ ಗುರುತು ಪಡೆದ ಕಲೆಯಾದರೂ ‘ಬಿದ್ರಿ’ ಎಂದಷ್ಟೇ ಬರೆದರೆ ಕಸ್ಟಮ್ಸ್‌ನವರಿಗೆ ತಿಳಿಯದು. ಸತು-ತಾಮ್ರದ ಮಿಶ್ರಲೋಹ, ಬೆಳ್ಳಿ ಕುಸುರಿ ಎಂದು ಬಿಡಿಸಿ ಹೇಳಬೇಕು. 800 ಡಾಲರ್‌ವರೆಗಿನ ಸರಕಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ನಿಲ್ಲಿಸಿದ ಮೇಲೆ, ಒಟ್ಟು ಎಷ್ಟು ಬೀಳುತ್ತದೆಂಬುದನ್ನು ಹಣ ಕಟ್ಟಿಸಿಕೊಳ್ಳುವ ಮೊದಲೇ ತೋರಿಸುವುದು ಮಾರುವವರ ಹೊಣೆ. ದೊಡ್ಡ ಕಂಪನಿಗಳು ಈ ಲೆಕ್ಕದ ತಂತ್ರಾಂಶ ಕೊಳ್ಳಬಲ್ಲವು. ಬೀದರಿನ ಕುಶಲಕರ್ಮಿಯ ಕೈಗೆಟುಕುವ ಬೆಲೆಗೆ ಅದು ಇನ್ನೂ ಬರಬೇಕಿದೆ.